ಸುಟ್ಟ ಅಚ್ಚುಕೂಟವೂ ಕೇರೀ ಸಾಹೇಬರ ಮನಸ್ಸೂ

ಸುಗ್ಗಿ ಮುಗಿದ ಮೇಲೆ ಬಣವೆಗೆ ಬೆಂಕಿ ಬಿದ್ದ ಮನೆಯನ್ನು ನೋಡದವರು ನಮ್ಮ ವಾಚಕರಲ್ಲಿ ಯಾರೂ ಇರಲಿಕ್ಕಿಲ್ಲ. ಹುಲ್ಲು ಸುಟ್ಟುಹೋಗುವದು ಒಂದು ತಾಸಿನ ಮಾತು. ಆದರೆ ಆರು ತಿಂಗಳಾದ ಮೇಲೂ ಆ ಮನೆಯ ಯಜಮಾನನು ಜಗಲಿಯ ಮೇಲೆ ಕುಳಿತು ಬಣವೆಯಿದ್ದ ಜಾಗವನ್ನೇ ನೋಡುತ್ತಿರುವದುಂಟು. ಬೂದಿಯನ್ನು ಗಾಳಿ ಎಂದೋ ಹೊತ್ತುಕೊಂಡು ಹೋಗಿದೆ. ಆತನ ಮನಸ್ಸು ಮಾತ್ರ ಅಲ್ಲಿಂದ ಏಳಲೊಲ್ಲದು. ಕೊಟ್ಟಿಗೆಯಲ್ಲಿ ಎತ್ತುಗಳು ಉಳಿದಿವೆ, ಕಣಜದಲ್ಲಿ ಬೀಜ ಉಳಿದಿದೆ ಎಂಬದು ಆತನ ಕಣ್ಣಿಗೆ ಬೀಳುವದಿಲ್ಲ. ಇಂಥ ಹೊತ್ತಿನಲ್ಲಿ ಮನಸ್ಸನ್ನು ಯಾವದರ ಮೇಲೆ ನಿಲ್ಲಿಸಬೇಕೆಂಬದನ್ನು ಉಪದೇಶವಾಗಿ ಹೇಳುವದಕ್ಕಿಂತ ಒಬ್ಬರ ಚರಿತ್ರೆಯಿಂದ ತೋರಿಸುವದು ಮೇಲೆಂದು ಎಣಿಸಿ, ಈ ತಿಂಗಳು ವಿಲಿಯಂ ಕೇರೀ ಸಾಹೇಬರ ವಿಷಯವಾಗಿ ಬರೆಯುತ್ತೇವೆ. ಅವರ ಹೆಸರನ್ನು ನಮ್ಮ ಸಭೆಗಳಲ್ಲಿ ಅನೇಕರು ಕೇಳಿದ್ದಾರೆ. ಆದರೆ ಅವರು ಹುಟ್ಟಿನಿಂದಲೇ ಸಂತೋಷಚಿತ್ತರಾಗಿದ್ದರೆಂದು ಯಾರಾದರೂ ತಿಳಿದಿದ್ದರೆ ಅದು ಸರಿಯಲ್ಲ.

ಕೇರೀ ಸಾಹೇಬರು 1761ನೇ ಇಸವಿ ಆಗಸ್ಟ್ 17ನೇ ತಾರೀಖಿನಲ್ಲಿ ಇಂಗ್ಲೆಂಡ್ ದೇಶದ ನಾರ್ಥಾಂಪ್ಟನ್ ಸೀಮೆಗೆ ಸೇರಿದ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಮೊದಲು ನೇಕಾರನು, ಆಮೇಲೆ ಹಳ್ಳಿಯ ಶಾಲೆಯ ಉಪಾಧ್ಯಾಯನು. ಹುಡುಗನಿಗೆ ಬಿಸಿಲು ತಾಕಿದರೆ ಚರ್ಮ ಕೆಟ್ಟು ನೋಯುವ ರೋಗವಿದ್ದದರಿಂದ ಹೊಲದ ಕೆಲಸ ಸಾಗಲಿಲ್ಲ; ಆದದರಿಂದ ಜೋಡು ಹೊಲಿಯುವವನ ಬಳಿ ಕೆಲಸ ಕಲಿಯಲು ಬಿಟ್ಟರು. ತೊಗಲಿನ ಕೆಲಸ ಮಾಡುವವರನ್ನು ಕೀಳೆಂದು ಕಾಣುವ ಜನರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರಷ್ಟೆ. ಮುಂದೆ ಸಂಸ್ಕೃತಕ್ಕೆ ವ್ಯಾಕರಣ ಬರೆದ ಕೈ ಅದೇ ಉಳಿ ದಾರ ಹಿಡಿದ ಕೈಯೆಂಬದನ್ನು ಅವರು ತಿಳಿಯಲಿ. ಯಜಮಾನನ ಮನೆಯಲ್ಲಿದ್ದ ಒಂದು ವ್ಯಾಖ್ಯಾನಗ್ರಂಥದಲ್ಲಿ ಹುಡುಗನು ಗ್ರೀಕ್ ಮಾತುಗಳನ್ನು ಕಂಡು, ಅವುಗಳನ್ನು ಚೀಟಿಯ ಮೇಲೆ ಬರೆದುಕೊಂಡು, ಓದು ಬಲ್ಲ ಒಬ್ಬನ ಬಳಿಗೆ ಒಯ್ದು ಕೇಳಿ ಕಲಿತನು. ಹೀಗೆ ಒಂದೊಂದಾಗಿ ಲ್ಯಾಟಿನ್, ಗ್ರೀಕ್, ಹೀಬ್ರೂ, ಡಚ್, ಫ್ರೆಂಚ್ ಭಾಷೆಗಳು ಕೈವಶವಾದವು. ತಾನು ಕುಂಟುತ್ತಲಾದರೂ ಬಿಡದೆ ನಡೆಯಬಲ್ಲವನು, ಅದಕ್ಕಿಂತ ಹೆಚ್ಚು ಹೊಗಳಿದರೆ ಸುಳ್ಳಾಗುವದೆಂಬ ಅರ್ಥದಲ್ಲಿ ಅವರು ಮುಪ್ಪಿನಲ್ಲಿ ತಮ್ಮ ಅಣ್ಣತಮ್ಮಂದಿರ ಮಗನೊಬ್ಬನಿಗೆ ಹೇಳಿದ್ದುಂಟು.

ಅವರು 1793ನೇ ಇಸವಿ ನವೆಂಬರ್ ತಿಂಗಳಲ್ಲಿ ಹೆಂಡತಿ ಮಕ್ಕಳ ಸಮೇತ ಕಲ್ಕತ್ತೆಗೆ ಬಂದಿಳಿದರು. ಹೆಂಡತಿಯಾದ ದೊರೊತಿಯಮ್ಮನವರು ಮೊದಲು ಬರಲೊಪ್ಪಿರಲಿಲ್ಲ. ಹಡಗು ಹೊರಡುವದು ತಡವಾದದ್ದರಿಂದ ಎರಡನೆಯ ಸಾರಿ ಒತ್ತಾಯಮಾಡಿದ ಮೇಲೆ, ತಂಗಿಯೂ ಜೊತೆಗೆ ಬರುವದಾದರೆ ಬರುತ್ತೇನೆಂದು ಒಪ್ಪಿ, ಕೈಗೂಸನ್ನು ಎತ್ತಿಕೊಂಡು ಹೊರಟರು. ಬಂದ ಮೇಲೆ ಹಣವಿಲ್ಲ, ಮನೆಯಿಲ್ಲ, ಭಾಷೆಯಿಲ್ಲ. ಸಾಹೇಬರು 1794ರಲ್ಲಿ ಉತ್ತರ ಬಂಗಾಳದ ಮದನಾವತಿ ಎಂಬಲ್ಲಿ ನೀಲಿ ತಯಾರಿಸುವ ಕಾರ್ಖಾನೆಯ ಮೇಲ್ವಿಚಾರಕರಾದರು. ಅದೇ ವರ್ಷ ಐದು ವರ್ಷದ ಮಗ ಪೀಟರನು ಭೇದಿಯಿಂದ ಸತ್ತನು. ಮಣ್ಣು ಮಾಡಲು ಕೈಹಚ್ಚುವವರು ಆ ಊರಿನಲ್ಲಿ ಸಿಗುವದೇ ಕಷ್ಟವಾಯಿತು. ಊರಿನಿಂದ ಒಂದು ಕಾಗದ ಬರಲಿಕ್ಕೆ ವರ್ಷಕ್ಕೂ ಮೇಲ್ಪಟ್ಟು ಕಾಯಬೇಕಾಯಿತು. ಬಂದು ಏಳು ವರ್ಷ ತುಂಬುವ ವರೆಗೆ ಬಂಗಾಳಿಗಳಲ್ಲಿ ಒಬ್ಬರೂ ದೀಕ್ಷಾಸ್ನಾನಕ್ಕೆ ಬರಲಿಲ್ಲ.

ಆ ಕಾಲದಲ್ಲಿ ಅವರು ಬರೆದಿಟ್ಟ ದಿನಚರಿಯನ್ನು ಓದಿದವರಿಗೆ ಅವರ ಸ್ವಭಾವ ತಿಳಿಯುವದು. ಮನಸ್ಸು ಕುಗ್ಗಿತು, ಮಾತಾಡಲು ಒಬ್ಬ ಸ್ನೇಹಿತನಿಲ್ಲ, ನಾನು ಯಾವ ಕೆಲಸಕ್ಕೂ ಬಾರದವನು ಎಂಬ ಕೊರಗು ಅದರಲ್ಲಿ ಪದೇ ಪದೇ ಬರುತ್ತದೆ. ಬೇರೆಯವರು ತಪ್ಪು ಹುಡುಕುವದಕ್ಕೆ ಮುಂಚೆ ತಾವೇ ತಮ್ಮ ಮೇಲೆ ತಪ್ಪು ಹೊರಿಸಿಕೊಳ್ಳುವ ಜನರಲ್ಲಿ ಅವರೊಬ್ಬರು. ಇದನ್ನು ನಾವು ಮುಚ್ಚಿಡದೆ ಬರೆಯುವದಕ್ಕೆ ಕಾರಣವುಂಟು. ಮುಂದೆ ಅವರಲ್ಲಿ ಕಂಡ ಸ್ಥೈರ್ಯವು ದಿನದಿನವೂ ಅಭ್ಯಾಸಮಾಡಿ ಗಳಿಸಿದ್ದು. ಆ ಅಭ್ಯಾಸವೂ ಬಹಳ ಸಾದಾ. ಕುಗ್ಗಿದ ಮನಸ್ಸನ್ನು ಬಲವಂತದಿಂದ ನಗಿಸಲು ಅವರು ಹೋಗಲಿಲ್ಲ. ಅದಕ್ಕೆ ಹಿಡಿದುಕೊಳ್ಳಲು ಮುಂದಿನ ಒಂದು ಸಣ್ಣ ಕೆಲಸವನ್ನು ಕೊಟ್ಟರು.

ಅವರು 1800ನೇ ಇಸವಿ ಜನವರಿಯಲ್ಲಿ ಹೂಗ್ಲಿ ನದಿಯ ದಡದಲ್ಲಿ ಆಗ ಡೇನರ ಅಧೀನವಾಗಿದ್ದ ಶ್ರೀರಾಮಪುರಕ್ಕೆ ಬಂದು, ಮಾರ್ಷ್‌ಮನ್ ಮತ್ತು ವಾರ್ಡ್ ಎಂಬ ಜೊತೆಗಾರರನ್ನು ಕೂಡಿಕೊಂಡರು. 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಅಚ್ಚಾಯಿತು. ಅದೇ ವರ್ಷ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಅವರಿಗೆ ಉಪಾಧ್ಯಾಯನ ಕೆಲಸ ಸಿಕ್ಕಿತು. 1806ನೇ ಇಸವಿ ಜೂನ್ ತಿಂಗಳ ಒಂದು ದಿನದ ಲೆಕ್ಕವನ್ನು ಅವರು ಸ್ನೇಹಿತರೊಬ್ಬರಿಗೆ ಬರೆದುಕಳುಹಿಸಿದ್ದಾರೆ. ಬೆಳಿಗ್ಗೆ ಆರು ಗಂಟೆಗೆ ಮುಂಚೆ ಎದ್ದು ಹೀಬ್ರೂ ವೇದದ ಒಂದು ಅಧ್ಯಾಯ ಓದಿ ಪ್ರಾರ್ಥನೆ, ಆಮೇಲೆ ಆಳುಗಳೊಡನೆ ಬಂಗಾಳಿಯಲ್ಲಿ ಮನೆಯ ಆರಾಧನೆ, ಚಹ ಬರುವಷ್ಟರಲ್ಲಿ ಮುನ್ಷಿಯ ಸಂಗಡ ಪಾರಸಿ, ಊಟಕ್ಕೆ ಮುಂಚೆ ಹಿಂದುಸ್ಥಾನಿ, ಪಂಡಿತರ ಸಂಗಡ ರಾಮಾಯಣದ ಭಾಷಾಂತರ, ಹತ್ತು ಗಂಟೆಯಿಂದ ಕಾಲೇಜು, ಮಧ್ಯಾಹ್ನ ಅಚ್ಚಿನ ಕರಡು ತಿದ್ದುವದು, ಸಾಯಂಕಾಲ ಮೃತ್ಯುಂಜಯ ಪಂಡಿತರೊಡನೆ ಮತ್ತಾಯನ ಸುವಾರ್ತೆಯನ್ನು ಸಂಸ್ಕೃತಕ್ಕೆ ತಿರುಗಿಸುವದು, ಬಳಿಕ ತೆಲುಗು ಪಂಡಿತರು, ಪ್ರಸಂಗ, ರಾತ್ರಿ ಮತ್ತೆ ಭಾಷಾಂತರ, ಮಲಗುವ ಮುಂಚೆ ಗ್ರೀಕ್ ವೇದದ ಒಂದು ಅಧ್ಯಾಯ. ಒಂದು ಹೊಲದಲ್ಲಿ ನೇಗಿಲು ನಿಂತರೆ ಇನ್ನೊಂದು ಹೊಲಕ್ಕೆ ಎತ್ತು ಹೊಡೆಯುವ ಒಕ್ಕಲಿಗನ ಹಾಗೆ, ಒಂದು ಕೆಲಸದಲ್ಲಿ ದಣಿದ ಮನಸ್ಸನ್ನು ಅವರು ಇನ್ನೊಂದಕ್ಕೆ ಹೊರಳಿಸುತ್ತಿದ್ದರು. ಕೊರಗಿಗೆ ಬರಿದಾಗಿ ಬಿಟ್ಟ ಗಳಿಗೆಯೇ ಇರಲಿಲ್ಲ.

ಆದರೆ ಆ ದೊಡ್ಡ ಲೆಕ್ಕದಲ್ಲಿ ಹೆಂಡತಿಗೆ ಒಂದು ಗಳಿಗೆ ಕಾಣುವದಿಲ್ಲ. ಪೀಟರನು ಸತ್ತ ಮೇಲೆ, 1795ರಿಂದ, ದೊರೊತಿಯಮ್ಮನವರ ಬುದ್ಧಿ ಕೆಟ್ಟಿತ್ತು. ಗಂಡನ ಮೇಲೆ ಇಲ್ಲದ ಅಪರಾಧಗಳನ್ನು ಹೊರಿಸಿ ಕೂಗಾಡುವರು. ಕೆಲವು ಸಾರಿ ಅವರನ್ನು ಕೋಣೆಯೊಳಗೆ ಕೂಡಿಹಾಕಬೇಕಾಗುತ್ತಿತ್ತು. ಹುಚ್ಚರ ಆಸ್ಪತ್ರೆಗೆ ಕಳುಹಿಸೆಂದು ಹೇಳಿದವರಿದ್ದರೂ ಸಾಹೇಬರು ಒಪ್ಪದೆ ಮನೆಯಲ್ಲಿಯೇ ಇಟ್ಟುಕೊಂಡರು. 1807ನೇ ಇಸವಿ ಡಿಸೆಂಬರ್ 8ರಂದು ಅವರು ಸಾಯುವ ತನಕ, ಸುಮಾರು ಹನ್ನೆರಡು ವರ್ಷ, ಪಕ್ಕದ ಕೋಣೆಯಿಂದ ಆ ಕೂಗು ಕೇಳುತ್ತಿರುವಾಗಲೇ ಸಾಹೇಬರು ಭಾಷಾಂತರ ಮಾಡುತ್ತಿದ್ದರು. ತಾಯಿಯಿಲ್ಲದವರಂತಾದ ಗಂಡುಮಕ್ಕಳು ಅಂಕೆಯಿಲ್ಲದೆ ಬೆಳೆಯುತ್ತಿದ್ದರು; ಅವರನ್ನು ಹಿಡಿದು ತಿದ್ದಿದವರು ಹೆಚ್ಚಾಗಿ ಹನ್ನಾ ಮಾರ್ಷ್‌ಮನ್ ಅಮ್ಮನವರೂ ವಾರ್ಡ್ ಸಾಹೇಬರೂ ಆಗಿದ್ದರು. ಈ ಸಂಗತಿಯನ್ನು ಸಾಹೇಬರ ತಾಳ್ಮೆಗೆ ದೃಷ್ಟಾಂತವಾಗಿ ಹೇಳುವ ಪುಸ್ತಕಗಳುಂಟು. ತಾಳ್ಮೆ ದೊಡ್ಡದೇ ಸರಿ. ಆದರೂ ಅದನ್ನು ಬರೀ ಹೊಗಳಿಕೆಯಾಗಿ ಬರೆಯಲು ನಮ್ಮ ಲೇಖನಿ ಏಳುವದಿಲ್ಲ. ಬೇಡವೆಂದರೂ ಪರದೇಶಕ್ಕೆ ಬಂದು, ಮಗುವನ್ನು ಮಣ್ಣಿಗೆ ಕೊಟ್ಟು, ದುಃಖವನ್ನು ಹೊರಳಿಸಲು ಹೀಬ್ರೂ ಆಗಲಿ ಪಾರಸಿಯಾಗಲಿ ಇಲ್ಲದ, ಮದುವೆಯ ದಿನ ತನ್ನ ಹೆಸರನ್ನೂ ಬರೆಯಲರಿಯದಿದ್ದ ಆ ತಾಯಿಗೆ ಮನಸ್ಸು ನಿಲ್ಲಿಸಲು ಏನಿತ್ತು? ಗೋಡೆಯ ಈಚೆ ಒಬ್ಬರು ಕೆಲಸದಿಂದ ಉಳಿದರು. ಆಚೆ ಒಬ್ಬರಿಗೆ ಆ ದಾರಿಯೇ ಇರಲಿಲ್ಲ.

ಇನ್ನು ಬೆಂಕಿಯ ಸಂಗತಿಗೆ ಬರುತ್ತೇವೆ. 1812ನೇ ಇಸವಿ ಮಾರ್ಚ್ 11, ಬುಧವಾರ ಸಾಯಂಕಾಲ. ಶ್ರೀರಾಮಪುರದ ಅಚ್ಚುಕೂಟವು ಇನ್ನೂರು ಅಡಿ ಉದ್ದದ ಕಟ್ಟಡ. ಹದಿನಾಲ್ಕು ಭಾಷೆಗಳ ಅಚ್ಚಿನ ಮೊಳೆಗಳೂ, ಇಂಗ್ಲೆಂಡಿನಿಂದ ಬಂದ ಸಾವಿರಕ್ಕೂ ಹೆಚ್ಚು ರೀಮು ಕಾಗದವೂ, ಕೈಬರಹದ ಗ್ರಂಥಗಳೂ ಅದರಲ್ಲಿದ್ದವು. ಒಳಗೆ ಕುಳಿತಿದ್ದ ವಾರ್ಡ್ ಸಾಹೇಬರಿಗೆ ಹೊಗೆ ಕಂಡಿತು. ಅವರು ಗಾಬರಿಪಡದೆ ಬಾಗಿಲು ಕಿಟಕಿಗಳನ್ನೆಲ್ಲಾ ಮುಚ್ಚಿಸಿ, ಮಾಳಿಗೆಯಲ್ಲಿ ತೂತು ಮಾಡಿಸಿ ಮೇಲಿನಿಂದ ನೀರು ಹೊಯ್ಯಿಸಿದರು. ಗಾಳಿಯಿಲ್ಲದೆ ಬೆಂಕಿ ಕೆಲವು ತಾಸು ಹದ್ದಿನಲ್ಲಿತ್ತು. ಅಷ್ಟರಲ್ಲಿ ಯಾರೋ ಒಬ್ಬನು ಉಪಕಾರ ಮಾಡುವೆನೆಂದು ಒಂದು ಕಿಟಕಿಯನ್ನು ತೆರೆದನು. ಗಾಳಿ ನುಗ್ಗಿತು, ಇಡೀ ಕಟ್ಟಡವನ್ನು ಉರಿ ಹಿಡಿಯಿತು, ನಡುರಾತ್ರಿಯ ಹೊತ್ತಿಗೆ ಮಾಳಿಗೆ ಕುಸಿದು ಬಿತ್ತು. ಪ್ರಾಣಹಾನಿಯಾಗಲಿಲ್ಲ. ಪಕ್ಕದಲ್ಲಿದ್ದ ಐದು ಅಚ್ಚಿನ ಯಂತ್ರಗಳು ಉಳಿದವು.

ಕೇರೀ ಸಾಹೇಬರು ಆ ದಿನ ಕಲ್ಕತ್ತೆಯಲ್ಲಿದ್ದರು. ಮರುದಿನ ಬೆಳಿಗ್ಗೆ ಮಾರ್ಷ್‌ಮನ್ ಸಾಹೇಬರು ಅಲ್ಲಿಗೆ ಹೋಗಿ ಸುದ್ದಿಯನ್ನು ತಿಳಿಸಿದಾಗ ಅವರಿಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಸಾಯಂಕಾಲ ಬಂದು, ಇನ್ನೂ ಹೊಗೆಯಾಡುತ್ತಿದ್ದ ಬೂದಿಯ ಮೇಲೆ ಕಣ್ಣೀರು ಸುರಿಸುತ್ತಾ ನಡೆದರು. ಹಣದ ನಷ್ಟವೇ 60,000 ರೂಪಾಯಿಗೆ ಕಡಿಮೆಯಿಲ್ಲವೆಂದು ಎಣಿಸಿದರು. ಆದರೆ ಹಣದಿಂದ ತರಲಾಗದ್ದು ಕೈಬರಹಗಳು. ತೆಲುಗು ವ್ಯಾಕರಣವು ಹೋಯಿತು, ಪಂಜಾಬಿ ವ್ಯಾಕರಣದ ಬಹುಭಾಗ ಹೋಯಿತು, ರಾಮಾಯಣದ ಭಾಷಾಂತರದಲ್ಲಿ ಒಂದು ವರ್ಷದ ದುಡಿಮೆ ಹೋಯಿತು, ಸಂಸ್ಕೃತವನ್ನೂ ಅದಕ್ಕೆ ಸಂಬಂಧಪಟ್ಟ ದೇಶಭಾಷೆಗಳನ್ನೂ ಒಟ್ಟಿಗೆ ತೋರಿಸುವ ದೊಡ್ಡ ನಿಘಂಟು ಹೋಯಿತು. ನಮ್ಮ ವಾಚಕರು ಇನ್ನೊಂದನ್ನು ತಿಳಿಯಬೇಕು: ಅವರು ಸಿದ್ಧಪಡಿಸಿದ್ದ ಕನ್ನಡ ಹೊಸ ಒಡಂಬಡಿಕೆಯ ಬರಹವೂ ಆ ರಾತ್ರಿಯೇ ಸುಟ್ಟುಹೋಯಿತು.

ಬೂದಿಯನ್ನು ನೋಡುತ್ತಾ ಕುಳಿತವರು ಅಲ್ಲಿ ಯಾರೂ ಇರಲಿಲ್ಲ. ವಾರ್ಡ್ ಸಾಹೇಬರು ಬೆಳಗಾಗುತ್ತಲೇ ಆಳುಗಳೊಡನೆ ಬೂದಿಯನ್ನು ಕೆದಕಿಸತೊಡಗಿದರು. ಅಕ್ಷರಗಳನ್ನು ಕೊರೆದಿದ್ದ ಉಕ್ಕಿನ ಮೂಲ ಅಚ್ಚುಗಳು, ಅಂದರೆ ಮೊಳೆಗಳನ್ನು ಎರಕಹೊಯ್ಯಲು ಆಧಾರವಾದವುಗಳು, ಕೆಡದೆ ಸಿಕ್ಕಿದವು. ಅವು ಸುಟ್ಟಿದ್ದರೆ ಮತ್ತೆ ಕೊರೆಯಲು ವರ್ಷಗಳೇ ಹಿಡಿಯುತ್ತಿದ್ದವು. ಕರಗಿ ಮುದ್ದೆಯಾಗಿದ್ದ ಸೀಸವೂ ಟನ್ನುಗಟ್ಟಲೆ ಸಿಕ್ಕಿತು. ಮಿಶನಿಗೆ ಸೇರಿದ ಒಂದು ದೊಡ್ಡ ಉಗ್ರಾಣವನ್ನು ಬಾಡಿಗೆಯವರು ಕೆಲವೇ ದಿನಗಳ ಹಿಂದೆ ತೆರವುಮಾಡಿದ್ದರು. ಯಂತ್ರಗಳನ್ನು ಅಲ್ಲಿಗೆ ಒಯ್ದರು. ಮನೋಹರ ಕರ್ಮಕಾರ ಮೊದಲಾದ ಬಂಗಾಳಿ ಕೆಲಸಗಾರರು ಹಗಲೂ ರಾತ್ರಿಯೂ ಸರದಿಯ ಮೇಲೆ ಹೊಸ ಮೊಳೆಗಳನ್ನು ಎರಕಹೊಯ್ದರು. ಚರಿತ್ರೆ ಬರೆಯುವವರು ಸಾಹೇಬರುಗಳ ಹೆಸರುಗಳನ್ನು ಹೇಳಿ ಮುಂದೆ ಹೋಗುವದುಂಟು; ಕುಲುಮೆಯ ಮುಂದೆ ನಿಂತು ಬೆವರು ಸುರಿಸಿದವರು ಇವರು. ಕೆಲವೇ ತಿಂಗಳುಗಳಲ್ಲಿ ಹಲವು ಭಾಷೆಗಳ ಅಚ್ಚಿನ ಕೆಲಸ ಮತ್ತೆ ನಡೆಯಿತು. ಸುದ್ದಿ ಇಂಗ್ಲೆಂಡಿಗೆ ಮುಟ್ಟಿದ ಮೇಲೆ ಅಲ್ಲಿಯ ಸಭೆಗಳು ಸುಮಾರು ಎರಡು ತಿಂಗಳೊಳಗೆ 10,000 ಪೌಂಡು ಕೂಡಿಸಿದವು.

ಬೆಂಕಿಯ ಮುಂದಿನ ಆದಿತ್ಯವಾರದಲ್ಲಿ ಕೇರೀ ಸಾಹೇಬರು 46ನೇ ಕೀರ್ತನೆಯನ್ನು ಹಿಡಿದು ಪ್ರಸಂಗಮಾಡಿದರು: ಕೊಟ್ಟದ್ದನ್ನು ತೆಗೆದುಕೊಳ್ಳುವ ಹಕ್ಕು ದೇವರಿಗುಂಟು, ಅದಕ್ಕೆ ಒಪ್ಪಿ ಸುಮ್ಮನಿರುವದು ನಮ್ಮ ಪಾಲು ಎಂಬದು ಅದರ ಸಾರ. ಸೋಮವಾರದಿಂದ ಅವರು ಕೈಕಟ್ಟಿ ಸುಮ್ಮನಿರಲಿಲ್ಲವೆಂಬದನ್ನೂ ಇಲ್ಲಿಯೇ ಹೇಳಬೇಕು. ಮೊದಲ ಸಾರಿಗಿಂತ ಈ ಸಾರಿ ಕೆಲಸ ಬೇಗ ಸಾಗುವದು, ತಪ್ಪುಗಳೂ ಕಡಿಮೆಯಾಗುವವು ಎಂಬ ಅಭಿಪ್ರಾಯವನ್ನು ಅವರು ಊರಿನ ಸ್ನೇಹಿತರಿಗೆ ತಿಳಿಸಿದರು. ಇದು ಬರೀ ಸಮಾಧಾನದ ಮಾತಲ್ಲ. ಭಾಷಾಂತರ ಮಾಡಿದವರಿಗೆ ಗೊತ್ತು, ಮೊದಲ ಬರಹದ ಮೇಲಿನ ಮೋಹವೇ ತಿದ್ದುವದಕ್ಕೆ ದೊಡ್ಡ ಅಡ್ಡಿ. ತೆಲುಗು ವ್ಯಾಕರಣವು 1814ರಲ್ಲಿಯೂ, ಕನ್ನಡ ವ್ಯಾಕರಣವು 1817ರಲ್ಲಿಯೂ ಹೊರಬಿದ್ದವು. ಕನ್ನಡ ಹೊಸ ಒಡಂಬಡಿಕೆಯೂ ಮತ್ತೆ ಸಿದ್ಧವಾಗಿ ಮುಂದೆ ಅಚ್ಚಾಯಿತು; ಆದರೂ ನಮ್ಮ ಸೀಮೆಯ ಸಭೆಗಳಲ್ಲಿ ನೆಲೆಗೊಂಡದ್ದು ಅದಲ್ಲ, ಬಳ್ಳಾರಿಯ ಹ್ಯಾಂಡ್ಸ್ ಸಾಹೇಬರೂ ಅವರ ಜೊತೆಗಾರರೂ ಮಾಡಿದ ಭಾಷಾಂತರ. ಆ ದೊಡ್ಡ ನಿಘಂಟಂತೂ ಮತ್ತೆ ಹುಟ್ಟಲೇ ಇಲ್ಲ. ಹೋದದ್ದೆಲ್ಲಾ ಇಮ್ಮಡಿಯಾಗಿ ತಿರುಗಿ ಬಂತೆಂದು ಬರೆದರೆ ಕಥೆ ಚೆನ್ನಾಗಿ ಕಾಣುವದು, ಆದರೆ ನಿಜವಾಗದು.

ಪುಸ್ತಕಗಳಲ್ಲದೆ ಅವರ ಮನಸ್ಸಿಗೆ ಇನ್ನೊಂದು ಆಶ್ರಯವಿತ್ತು: ಶ್ರೀರಾಮಪುರದ ಐದು ಎಕರೆಯ ತೋಟ. ನಮ್ಮ ಮಲೆನಾಡಿನಲ್ಲಿ ಕವಲು ಎಂದು ಕರೆಯುವ ಮರದ ಶಾಸ್ತ್ರೀಯ ಹೆಸರು ಕೇರಿಯಾ ಎಂಬದು ಇವರ ಹೆಸರಿನಿಂದಲೇ ಬಂದದ್ದು. ಒಮ್ಮೆ ಇಂಗ್ಲೆಂಡಿನಿಂದ ಬೀಜದ ಚೀಲ ಬಂತು. ಬೀಜಗಳನ್ನೆಲ್ಲಾ ತೆಗೆದ ಮೇಲೆ ಅವರು ಆ ಚೀಲವನ್ನು ಬಿಸಾಡದೆ, ನೆರಳಿನಲ್ಲಿ ಒಂದು ಮಡಿಯ ಮೇಲೆ ಕೊಡವಿದರು. ಕೆಲವು ದಿನಗಳಲ್ಲಿ ಅಲ್ಲಿ ತಮ್ಮ ಊರಿನ ಹೊಲಗಳಲ್ಲಿ ತಾನಾಗಿ ಬೆಳೆಯುವ ಡೇಸಿ ಎಂಬ ಸಣ್ಣ ಹೂವಿನ ಗಿಡ ಎದ್ದಿತು. ಇಂಗ್ಲೆಂಡನ್ನು ಬಿಟ್ಟ ಮೇಲೆ ತಾವು ಎಂದೂ ಕಾಣದ ಆ ಹೂವನ್ನು ಕಂಡು ಅವರು ಮಗುವಿನಂತೆ ಹಿಗ್ಗಿದರು. ಬಂಗಾಳದ ಬಿಸಿಲಿಗೆ ಆ ಗಿಡ ವರ್ಷದಿಂದ ವರ್ಷಕ್ಕೆ ಉಳಿಯದು; ಆದದರಿಂದ ಬೀಜ ಕೂಡಿಸಿಟ್ಟು ಪ್ರತಿವರ್ಷವೂ ಹೊಸದಾಗಿ ಬಿತ್ತುತ್ತಿದ್ದರು.

1823ನೇ ಇಸವಿ ಅಕ್ಟೋಬರ್ ತಿಂಗಳಲ್ಲಿ ಅವರು ದೋಣಿಯಿಂದ ಇಳಿಯುವಾಗ ಜಾರಿ ಬಿದ್ದು, ಸೊಂಟಕ್ಕೆ ಪೆಟ್ಟಾಗಿ, ಜ್ವರ ಬಂದು ಸಾವಿನ ಅಂಚಿಗೆ ಹೋದರು. ಮಂಚ ಹಿಡಿದಿರುವಾಗಲೇ ದಾಮೋದರ ನದಿಯು ಕಟ್ಟೆಯೊಡೆದು ಪ್ರವಾಹ ಬಂತು. ವಾಸದ ಮನೆಯನ್ನು ಬಿಟ್ಟು ಏಳಬೇಕಾಯಿತು. ಅದು ನದಿಯ ಪಾಲಾಯಿತು. ಇಪ್ಪತ್ತು ವರ್ಷ ಕೂಡಿಸಿ ಬೆಳೆಸಿದ ತೋಟದ ಗಿಡಗಳು ನೀರಿನಲ್ಲಿ ಕೊಳೆತವು. ಆಗ ಅವರಿಗೆ ಅರುವತ್ತೆರಡು ವರ್ಷ. ಊರುಗೋಲು ಹಿಡಿದು ನಡೆಯುವಂತಾಗುತ್ತಲೇ ಅವರು ತೋಟವನ್ನು ಮತ್ತೆ ನೆಡಿಸತೊಡಗಿದರು.

ಕಡೆಯ ದಿನಗಳಲ್ಲಿ ನಡೆಯಲಾಗದೆ ಕುರ್ಚಿಯಲ್ಲಿ ಕುಳ್ಳಿರಿಸಿಕೊಂಡು ತೋಟಕ್ಕೆ ಹೋಗುತ್ತಿದ್ದರು. ಅದೂ ಆಗದೆ ಹೋದಾಗ ತೋಟಗಾರನೇ ಮಂಚದ ಬಳಿಗೆ ಬಂದು ಗಿಡಗಳ ಸುದ್ದಿ ಹೇಳುತ್ತಿದ್ದನು. ಆಗ ಅವರಿಗೆ ಒಂದು ಚಿಂತೆ ಹಿಡಿಯಿತು. ತಾವು ಹೋದ ಮೇಲೆ ಮಾರ್ಷ್‌ಮನ್ ಸಾಹೇಬರು ತೋಟದೊಳಗೆ ದನಗಳನ್ನು ಬಿಟ್ಟಾರೆಂದು ಅವರು ಸ್ನೇಹಿತನ ಮುಂದೆಯೇ ಹೇಳಿಕೊಂಡರು. ತೋಟವನ್ನು ಕಾಯುವದು ತನಗೆ ಪವಿತ್ರವಾದ ಕರ್ತವ್ಯವೆಂದು ಮಾರ್ಷ್‌ಮನ್ ಸಾಹೇಬರು ಮಾತು ಕೊಟ್ಟರು. ಕೇರೀ ಸಾಹೇಬರು 1834ನೇ ಇಸವಿ ಜೂನ್ 9ನೇ ತಾರೀಖಿನ ಬೆಳಿಗ್ಗೆ ತೀರಿಕೊಂಡರು. ಶ್ರೀರಾಮಪುರದಲ್ಲಿಯೇ ಅವರನ್ನು ಮಣ್ಣು ಮಾಡಿದರು.