ಬಂದೂಕಿನ ಒದೆತವನ್ನು ದುಡಿಸಿಕೊಂಡವನು

ಇಂಜಿನಿಯರಿಂಗ್ ಓದುವಾಗ ಮ್ಯಾಕ್ಸಿಮ್ ಗನ್ನಿನ ಒಳಭಾಗದ ಚಿತ್ರವೊಂದನ್ನು ನೋಡಿ ಗಂಟೆಗಟ್ಟಲೆ ಕೂತಿದ್ದೆ. ಬಂದೂಕು ಹಾರಿಸಿದರೆ ಭುಜಕ್ಕೆ ಒದೆಯುತ್ತೆ, ಗೊತ್ತಲ್ಲ? ಎಲ್ಲರೂ ಸಹಿಸಿಕೊಂಡಿದ್ದ ಆ ಒದೆತವನ್ನೇ ಹೈರಮ್ ಮ್ಯಾಕ್ಸಿಮ್ ಕೆಲಸಕ್ಕೆ ಹಚ್ಚಿದ. ಗುಂಡು ಹಾರಿದ ಕೂಡಲೇ ನಳಿಕೆ ಹಿಂದೆ ಸರಿಯುತ್ತೆ, ಖಾಲಿ ತೋಟಾ ಹೊರಬೀಳುತ್ತೆ, ಬಟ್ಟೆಯ ಪಟ್ಟಿಯಿಂದ ಹೊಸದು ಒಳಬರುತ್ತೆ, ಸ್ಪ್ರಿಂಗ್ ಮತ್ತೆ ಮುಂದಕ್ಕೆ ತಳ್ಳುತ್ತೆ. ಹಳೆಯ ಗ್ಯಾಟ್ಲಿಂಗ್‌ಗೆ ಕೈಯಲ್ಲಿ ಹಿಡಿಕೆ ತಿರುಗಿಸಬೇಕಿತ್ತು. ಇದಕ್ಕೆ ಒತ್ತಿ ಹಿಡಿದರೆ ಸಾಕು, ನಿಮಿಷಕ್ಕೆ ಸುಮಾರು 600 ಗುಂಡು. ನಳಿಕೆ ಕಾಯದಿರಲಿ ಅಂತ ಸುತ್ತ ನಾಲ್ಕು ಲೀಟರ್ ನೀರು. ಇದು ಯಾರ ಮೇಲೆ ಹಾರಿತು ಅಂತ ಮಾತ್ರ ನಾನಾಗ ಕೇಳಲಿಲ್ಲ. ಸಿಲಬಸ್ಸಿನಲ್ಲೂ ಇರಲಿಲ್ಲ.

ಮ್ಯಾಕ್ಸಿಮ್ ಹುಟ್ಟಿದ್ದು 1840ರಲ್ಲಿ, ಅಮೆರಿಕದ ಮೇಯ್ನ್ ರಾಜ್ಯದ ಸ್ಯಾಂಗರ್‌ವಿಲ್‌ನಲ್ಲಿ. ಓದು ಅಷ್ಟಕ್ಕಷ್ಟೇ, ಹುಡುಗನಾಗಿದ್ದಾಗಲೇ ಗಾಡಿ ಮಾಡುವವನ ಹತ್ತಿರ ಕೆಲಸಕ್ಕೆ ಸೇರಿದ. ಇಲಿಬೋನಿನಿಂದ ಹಿಡಿದು ವಿದ್ಯುದ್ದೀಪದವರೆಗೆ ಕೈಹಾಕದ್ದಿಲ್ಲ. ದೀಪದ ವಿಷಯದಲ್ಲಂತೂ ಎಡಿಸನ್‌ಗೇ ಪೈಪೋಟಿ. 1881ರಲ್ಲಿ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನಕ್ಕೆ ಬಂದವನು ಯುರೋಪಿನಲ್ಲೇ ಉಳಿದ. ದುಡ್ಡು ಬೇಕಿದ್ದರೆ ಯುರೋಪಿನವರು ಪರಸ್ಪರ ಕೊಲ್ಲೋಕೆ ಅನುಕೂಲವಾಗುವಂಥದ್ದೇನಾದರೂ ಮಾಡು ಅಂತ ಯಾರೋ ಸಲಹೆ ಕೊಟ್ಟರು ಅನ್ನೋ ಕಥೆಯನ್ನು ಅವನೇ ಹೇಳಿಕೊಂಡು ತಿರುಗುತ್ತಿದ್ದ. 1884ರ ಹೊತ್ತಿಗೆ ಲಂಡನ್ನಿನ ಹ್ಯಾಟನ್ ಗಾರ್ಡನ್ನಿನ ವರ್ಕ್‌ಶಾಪಿನಲ್ಲಿ ಗನ್ ಸಿದ್ಧವಾಯಿತು.

ಆದರೆ ಅದು ಮೊದಲು ಕೊಂದದ್ದು ಯುರೋಪಿನವರನ್ನಲ್ಲ. 1893ರಲ್ಲಿ ಈಗಿನ ಜಿಂಬಾಬ್ವೆಯ ಮಾಟಬೆಲೆ ಜನ ಅದರೆದುರು ನಿಂತರು. 1898ರಲ್ಲಿ ಸುಡಾನಿನ ಒಮ್‌ಡುರ್ಮನ್‌ನಲ್ಲಿ ಒಂದೇ ಬೆಳಗಿನಲ್ಲಿ ಸುಮಾರು 10,000 ಸುಡಾನಿಗಳು ಸತ್ತರು, ಬ್ರಿಟಿಷ್-ಈಜಿಪ್ಟ್ ಕಡೆಯಲ್ಲಿ 50ರ ಆಸುಪಾಸು. (ಫಿರಂಗಿ, ರೈಫಲ್‌ಗಳ ಪಾಲೂ ದೊಡ್ಡದಿತ್ತು, ಎಲ್ಲವನ್ನೂ ಮ್ಯಾಕ್ಸಿಮ್ ತಲೆಗೆ ಕಟ್ಟೋದು ತಪ್ಪಾಗುತ್ತೆ.) 1904ರ ಮಾರ್ಚ್ 31ರಂದು ಟಿಬೆಟ್ಟಿನ ಗುರು ಎಂಬಲ್ಲಿ, ಬತ್ತಿ ಹಚ್ಚಿ ಹಾರಿಸುವ ಕೋವಿ ಹಿಡಿದಿದ್ದ ಟಿಬೆಟನ್ನರು 600ಕ್ಕೂ ಹೆಚ್ಚು ಜನ ನಿಮಿಷಗಳಲ್ಲಿ ಹೆಣವಾದರು. ಅವರಲ್ಲಿ ಅನೇಕರು ಬೆನ್ನು ಮಾಡಿ ನಿಧಾನವಾಗಿ ನಡೆದು ಹೋಗುತ್ತಿದ್ದವರು. ಆ ದಂಡು ಹೊರಟಿದ್ದು ಭಾರತದಿಂದ, ಅದರಲ್ಲಿ ಸಿಖ್, ಗೂರ್ಖಾ ಸಿಪಾಯಿಗಳಿದ್ದರು. ಇದನ್ನು ಓದಿದ ರಾತ್ರಿ ನನಗೆ ಆ ಹಳೇ ಚಿತ್ರ ನೆನಪಾಯಿತು.

ಮ್ಯಾಕ್ಸಿಮ್‌ಗೆ ಇಂಗ್ಲೆಂಡಿನಲ್ಲಿ ಸಿಕ್ಕಿದ್ದು ಮರ್ಯಾದೆ. 1901ರಲ್ಲಿ ಸರ್ ಪದವಿ. ಬ್ರಾಂಕೈಟಿಸ್‌ನಿಂದ ನರಳುತ್ತಿದ್ದ ಅವನು ಔಷಧಿಯ ಆವಿ ಎಳೆದುಕೊಳ್ಳುವ ಸಣ್ಣ ಗಾಜಿನ ಸಾಧನವೊಂದನ್ನೂ ಮಾಡಿದ್ದ. ನಗೆಪಾಟಲಾಗಿದ್ದು ಅದಕ್ಕೆ! ಇಷ್ಟು ದೊಡ್ಡ ವಿಜ್ಞಾನಿ ನಾಟಿ ವೈದ್ಯಕ್ಕೆ ಇಳಿದನಲ್ಲ ಅಂತ ಸ್ನೇಹಿತರು ಬೇಸರಪಟ್ಟರಂತೆ. ಕೊಲ್ಲುವ ಯಂತ್ರ ಗೌರವ ತಂದು, ನೋವು ಕಳೆಯುವ ಯಂತ್ರ ಅವಮಾನ ತಂದಿದ್ದನ್ನು ಅವನೇ ವ್ಯಂಗ್ಯವಾಗಿ ಬರೆದುಕೊಂಡಿದ್ದಾನೆ. ಅವನ ಬಗ್ಗೆ ನನಗೆ ಸ್ವಲ್ಪವಾದರೂ ಮರುಕ ಹುಟ್ಟೋದು ಅಲ್ಲಿ ಮಾತ್ರ.

ಅಷ್ಟರಲ್ಲಿ ಗನ್ ಎಲ್ಲರ ಮನೆ ಸೇರಿತ್ತು. ಬ್ರಿಟಿಷರು ಒಳಗಿನ ಕೀಲನ್ನು ತಲೆಕೆಳಗು ಮಾಡಿ, ತೂಕ ಇಳಿಸಿ, 1912ರಲ್ಲಿ ವಿಕರ್ಸ್ ಅಂದರು. ಜರ್ಮನ್ನರು ಜಾರುಬಂಡಿಯಂಥ ಆಸರೆ ಮೇಲೆ ಕೂರಿಸಿ ಎಂಜಿ08 ಅಂದರು, ಆಮೇಲೆ ಸೈನಿಕ ಹೊತ್ತು ಓಡಲಿ ಅಂತ 08/15 ಮಾಡಿದರು. ರಷ್ಯನ್ನರು ಚಕ್ರ ಜೋಡಿಸಿದರು. ಆ 1910ರ ಮಾದರಿ ಈಗಿನ ಉಕ್ರೇನ್ ಯುದ್ಧದಲ್ಲೂ ಕಾಣಿಸಿಕೊಂಡಿದೆ. ವಿಮಾನಕ್ಕೆ ಕಟ್ಟಿದಾಗ ನೀರು ಬೇಕಾಗಲಿಲ್ಲ, ಗಾಳಿಯೇ ತಣ್ಣಗೆ ಮಾಡುತ್ತಿತ್ತು.

ಪಾತ್ರವೂ ಬದಲಾಯಿತು. ವಸಾಹತುಗಳಲ್ಲಿ ಕೆಲವೇ ಜನ ಹೊತ್ತು ನುಗ್ಗಲು ನೆರವಾದ ಗನ್, ಯುರೋಪಿನ ಕಂದಕಗಳಲ್ಲಿ ಯಾರೂ ನುಗ್ಗದಂತೆ ಮಾಡಿತು. ಮುಳ್ಳುತಂತಿಯ ಹಿಂದೆ ಕೂತ ಎರಡು ಗನ್ನುಗಳ ಗುಂಡಿನ ಸಾಲು ಒಂದನ್ನೊಂದು ಕತ್ತರಿಸುವಂತೆ ಇಟ್ಟರೆ, ಬಯಲಲ್ಲಿ ನಡೆದು ಬಂದವರಿಗೆ ದಾರಿಯೇ ಇಲ್ಲ. ಈ ಪಾಠ ಒಮ್‌ಡುರ್ಮನ್‌ನಲ್ಲೇ ಇತ್ತು, ಸತ್ತವರು ಕರಿಯರಾದ್ದರಿಂದ ಬಹುಪಾಲು ಜನರಲ್‌ಗಳು ಅದನ್ನು ಪಾಠ ಅಂತ ಎಣಿಸಲೇ ಇಲ್ಲ ಅನ್ನೋದು ನನ್ನ ಅನಿಸಿಕೆ. 1916ರ ಜುಲೈ 1ರಂದು ಫ್ರಾನ್ಸಿನ ಸೋಮ್‌ನಲ್ಲಿ ಒಂದೇ ದಿನ 19,240 ಬ್ರಿಟಿಷ್ ಸೈನಿಕರು ಸತ್ತರು. ಎದುರಿಗಿದ್ದದ್ದು ಎಂಜಿ08.

ಆ ಕದನ ನವೆಂಬರ್ 18ಕ್ಕೆ ನಿಂತಿತು. ಆರು ದಿನ ಬಿಟ್ಟು, 24ರಂದು, ತನ್ನದೇ ಗನ್ನಿನ ಸದ್ದಿಗೆ ಕಿವಿ ಕಳೆದುಕೊಂಡಿದ್ದ ಮ್ಯಾಕ್ಸಿಮ್ ಲಂಡನ್ನಿನಲ್ಲಿ ತೀರಿಕೊಂಡ.