ಗುರುಪ್ರಸಾದದಿಂದ ಪುನರ್ಜನ್ಮ: ಮಾನವಿಯ ಶ್ರೀ ಜಗನ್ನಾಥದಾಸರು

ಭಾದ್ರಪದ ಶುದ್ಧ ನವಮಿಯು ಶ್ರೀ ಜಗನ್ನಾಥದಾಸರ ಆರಾಧನಾ ದಿನವೆಂಬುದು ಮಾಧ್ವಬಂಧುಗಳಿಗೆಲ್ಲ ವಿದಿತವೇ ಇದೆ. ಅಂದು ಹರಿಕಥಾಮೃತಸಾರದ ಪಾರಾಯಣ, ಪ್ರವಚನಗಳು ಭಕ್ತಿಯಿಂದ ನಡೆಯುತ್ತವೆ. ಆ ಮಹಾಗ್ರಂಥವನ್ನು ರಚಿಸಿದವರು ಯೌವನದಲ್ಲಿ ಅನ್ನವನ್ನೂ ಅರಗಿಸಿಕೊಳ್ಳಲಾಗದ ರೋಗಿಯಾಗಿದ್ದರೆಂಬುದು ಮಾತ್ರ ಪಾರಾಯಣದ ಸಂಭ್ರಮದಲ್ಲಿ ನಮ್ಮ ನೆನಪಿಗೆ ಬಾರದೆ ಹೋಗುತ್ತದೆ. ಆ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಸ್ಮರಿಸೋಣ.

ಕ್ರಿ.ಶ. 1728ಕ್ಕೆ ಸರಿಯಾದ ಕೀಲಕ ಸಂವತ್ಸರದಲ್ಲಿ, ಮಾನವಿಗೆ ಸಮೀಪದ ಬ್ಯಾಗವಾಟ ಗ್ರಾಮದಲ್ಲಿ ದಾಸರ ಜನನವಾಯಿತು. ಪೂರ್ವದ ಹೆಸರು ಶ್ರೀನಿವಾಸ. ಬಾಲ್ಯದಿಂದಲೇ ಸಂಸ್ಕೃತದಲ್ಲಿ ಪರಿಶ್ರಮಪಟ್ಟು, ವ್ಯಾಕರಣ ವೇದಾಂತಾದಿ ಶಾಸ್ತ್ರಗಳಲ್ಲಿ ಪಾರಂಗತರಾಗಿ, ಶ್ರೀನಿವಾಸಾಚಾರ್ಯರೆಂದು ಪ್ರಸಿದ್ಧರಾದರು. ವಿದ್ಯೆಯು ವಿನಯವನ್ನು ಕೊಡಬೇಕಾದುದೇ ಸರಿ. ಆದರೆ ಪ್ರಾಯ, ಪಾಂಡಿತ್ಯ, ಲೋಕದ ಮನ್ನಣೆ ಇವು ಮೂರೂ ಒಂದೆಡೆ ಸೇರಿದಾಗ ಅಹಂಕಾರವು ಒಳಹೊಗಲು ಸಣ್ಣದೊಂದು ರಂಧ್ರವೇ ಸಾಕು. ಆಚಾರ್ಯರಲ್ಲಿ ಅದು ಪ್ರಾಕೃತಭಾಷೆಯ ತಿರಸ್ಕಾರವಾಗಿ ತೋರಿತು. ತಂಬೂರಿ ಹಿಡಿದು ಕನ್ನಡದಲ್ಲಿ ಹಾಡುವ ಹರಿದಾಸರಿಗೆ ಶಾಸ್ತ್ರದ ಗಂಧವೆಲ್ಲಿಂದ ಎಂಬುದು ಅವರ ಭಾವನೆಯಾಗಿತ್ತು.

ಹೀಗಿರಲು ಶ್ರೀ ವಿಜಯದಾಸರು ಶಿಷ್ಯಸಮೇತರಾಗಿ ಮಾನವಿಗೆ ದಯಮಾಡಿಸಿದರು. ದೇವರ ಪೂಜೆ, ಬ್ರಾಹ್ಮಣಸಂತರ್ಪಣೆಗಳು ಏರ್ಪಟ್ಟವು. ಆಚಾರ್ಯರಿಗೂ ಆಹ್ವಾನ ಹೋಯಿತು. ಆದರೆ ದಾಸರ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಮನವೊಪ್ಪದೆ, ತಮಗೆ ಉದರವ್ಯಾಧಿಯಿದೆಯೆಂದೂ ಹೊತ್ತು ಮೀರಿ ಭೋಜನ ಮಾಡಲಾಗದೆಂದೂ ಅವರು ನೆಪ ಹೇಳಿ ಕಳುಹಿಸಿದರು. ಇಲ್ಲದ ರೋಗವನ್ನು ನಾಲಿಗೆಯು ನುಡಿಯಿತು. ಅದು ದೇಹದಲ್ಲಿ ನಿಜವಾಗಿಯೇ ಕಾಣಿಸಿಕೊಂಡಿತೆಂದು ಸಂಪ್ರದಾಯವು ಹೇಳುತ್ತದೆ. ಹೊಟ್ಟೆಯ ಶೂಲೆಯು ದಿನದಿನಕ್ಕೆ ಬಲಿಯಿತು. ಔಷಧೋಪಚಾರಗಳು ನಿಷ್ಫಲವಾದವು. ಹತ್ತಾರು ಗ್ರಂಥಗಳನ್ನು ಕರಗತ ಮಾಡಿಕೊಂಡ ವಿದ್ವಾಂಸರಿಗೆ ಒಂದು ತುತ್ತನ್ನು ಅರಗಿಸಿಕೊಳ್ಳುವ ಶಕ್ತಿ ಉಳಿಯಲಿಲ್ಲ. ವಿಜಯದಾಸರು 1755ರಲ್ಲಿ ಚಿಪ್ಪಗಿರಿಯಲ್ಲಿ ಹರಿಪುರವನ್ನೈದಿದರಾದುದರಿಂದ, ಆಗ ಆಚಾರ್ಯರ ವಯಸ್ಸು ಇಪ್ಪತ್ತೇಳನ್ನು ಮೀರಿರಲಾರದು.

ಕಡೆಗೆ ದೈವವೇ ಶರಣೆಂದು ಪ್ರಾಣದೇವರ ಸೇವೆಗೆ ನಿಂತಾಗ, ಯಾರಲ್ಲಿ ಅಪರಾಧವಾಯಿತೋ ಅವರಲ್ಲಿಗೇ ಹೋಗಬೇಕೆಂಬ ಪ್ರೇರಣೆಯಾಯಿತಂತೆ. ಶಾಸ್ತ್ರವಾದದಲ್ಲಿ ಯಾರಿಗೂ ತಲೆಬಾಗದ ಪಂಡಿತರು, ತಾವು ಹಗುರವಾಗಿ ಕಂಡವರ ಪಾದಗಳಲ್ಲಿ ತಲೆಯಿರಿಸಿದರು. ವಿಜಯದಾಸರಲ್ಲಿ ಕೋಪದ ಲೇಶವೂ ಇರಲಿಲ್ಲ. ಅವರು ಗದ್ವಾಲ ಸೀಮೆಯ ಉತ್ತನೂರಿನಲ್ಲಿದ್ದ ತಮ್ಮ ಶಿಷ್ಯರಾದ ಶ್ರೀ ಗೋಪಾಲದಾಸರಲ್ಲಿಗೆ ಹೋಗುವಂತೆ ಅಪ್ಪಣೆ ಮಾಡಿದರು. ಗುರುವಿನೆದುರು ಬಾಗುವುದು ಒಂದು ಹೆಜ್ಜೆ. ಗುರುವಿನ ಶಿಷ್ಯನೆದುರು ಕೈಚಾಚಿ ನಿಲ್ಲುವುದು ಅದಕ್ಕಿಂತ ಕಠಿಣವಾದ ಇನ್ನೊಂದು ಹೆಜ್ಜೆ. ಆಚಾರ್ಯರು ಅದನ್ನೂ ಇಟ್ಟರು.

ಗೋಪಾಲದಾಸರು ರೋಗಿಗಾಗಿ ಧನ್ವಂತರಿರೂಪಿ ಭಗವಂತನನ್ನು ಕೀರ್ತನೆಯಿಂದ ಪ್ರಾರ್ಥಿಸಿದರು. ಗುರುಗಳ ಆಜ್ಞೆಯಂತೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದು, ಅದನ್ನು ಜೋಳದ ರೊಟ್ಟಿಯ ಮೂಲಕ ಅನುಗ್ರಹಿಸಿದರೆಂಬುದು ಪರಂಪರೆಯ ಶ್ರದ್ಧೆ. ಯಾವ ಪಂಕ್ತಿಯ ಮೃಷ್ಟಾನ್ನವನ್ನು ಆಚಾರ್ಯರು ಬೇಡವೆಂದಿದ್ದರೋ, ಆ ಪಂಕ್ತಿಗೇ ಸೇರಿದವರ ಕೈಯ ಒರಟು ರೊಟ್ಟಿಯು ಅವರಿಗೆ ಅಮೃತವಾಯಿತು. 1721ರಲ್ಲಿ ಜನಿಸಿದ ಗೋಪಾಲದಾಸರು 1762ರಲ್ಲಿಯೇ ದೇಹವನ್ನು ಬಿಟ್ಟರು. ಬದುಕುವನೋ ಇಲ್ಲವೋ ಎಂಬಂತಿದ್ದ ಆ ರೋಗಿಯು 1809ರವರೆಗೆ, ಎಂಬತ್ತೊಂದು ವರ್ಷಗಳ ಕಾಲ, ಬಾಳಿದನು.

ಅನಂತರ ಪಂಢರಾಪುರಕ್ಕೆ ಹೋಗಿ ಚಂದ್ರಭಾಗೆಯಲ್ಲಿ ಮಿಂದಾಗ ಜಗನ್ನಾಥವಿಠ್ಠಲ ಎಂಬ ಅಂಕಿತವು ಅವರಿಗೆ ಲಭಿಸಿತೆಂದು ಹೇಳುತ್ತಾರೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ದಾಸರಾದ ಮೇಲೆ ಅವರು ತಮ್ಮ ಶಾಸ್ತ್ರವಿದ್ಯೆಯನ್ನು ಬಿಸುಡಲಿಲ್ಲ. ಶ್ರೀಮದಾಚಾರ್ಯರ ಸಿದ್ಧಾಂತದ ಗಹನ ಪ್ರಮೇಯಗಳನ್ನೆಲ್ಲ ಭಾಮಿನೀ ಷಟ್ಪದಿಯ 32 ಸಂಧಿಗಳಲ್ಲಿ, ತಾವು ಹಿಂದೆ ತಾತ್ಸಾರದಿಂದ ಕಂಡ ಕನ್ನಡದಲ್ಲಿಯೇ ಬಿತ್ತರಿಸಿದರು. ಸಂಸ್ಕೃತವನ್ನರಿಯದ ಗೃಹಿಣಿಯರಿಗೂ ತಾರತಮ್ಯ, ಪಂಚಭೇದ, ಬಿಂಬೋಪಾಸನೆಗಳ ತಿಳಿವು ಆ ಗ್ರಂಥದಿಂದ ಸುಲಭವಾಯಿತು. ಗುರುಗಳ ಕರುಣೆಯಿಂದ ತಮಗೆ ಸಾಧ್ಯವಾದಷ್ಟನ್ನು ಮಾತ್ರ ಹೇಳುವೆನೆಂಬ ಭಾವದಿಂದಲೇ ಗ್ರಂಥಾರಂಭ. ಮಂಗಳಾಚರಣೆಯ ಬೆನ್ನಿಗೇ ಬರುವುದು ಕರುಣಾಸಂಧಿ. ನಾಲ್ಕನೆಯದು ಭೋಜನರಸವಿಭಾಗ ಸಂಧಿ. ಉಣ್ಣುವ ಪ್ರತಿಯೊಂದು ಪದಾರ್ಥದಲ್ಲಿಯೂ ಭಗವದ್ರೂಪಗಳನ್ನು ಅನುಸಂಧಾನ ಮಾಡಬೇಕೆಂಬುದು ಅಲ್ಲಿಯ ಪ್ರಮೇಯ. ಅನ್ನದ ವಿಷಯದಲ್ಲಿ ಎಡವಿ, ಅನ್ನದಿಂದಲೇ ವಂಚಿತರಾಗಿ, ಪ್ರಸಾದದಿಂದ ಬದುಕಿದವರು ಅದನ್ನು ಬರೆದರೆಂದು ನೆನೆದು ಓದಿದರೆ ಅದರ ಸ್ವಾರಸ್ಯವೇ ಬೇರೆ.

ಅವರ ಬಾಳು ಇತರರ ವಿಷಯದಲ್ಲಿಯೂ ಮೃದುವಾಯಿತು. ದಾರಿ ತಪ್ಪಿದ್ದ ಕರ್ಜಗಿಯ ದಾಸಪ್ಪನನ್ನು ಅವರು ದೂರವಿಡದೆ ಉದ್ಧರಿಸಿದರು. ಆತನೇ ಶ್ರೀದವಿಠ್ಠಲದಾಸರಾಗಿ, ಗುರುಗಳ ಗ್ರಂಥಕ್ಕೆ ಫಲಸ್ತುತಿಯನ್ನು ರಚಿಸುವಷ್ಟು ಎತ್ತರಕ್ಕೇರಿದರು.

ಈ ಚರಿತ್ರೆಯನ್ನು ಕೇಳಿ, ನಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ನರಳುತ್ತಿರುವವರನ್ನು ಕಂಡು ಇವರು ಯಾವ ಪಾಪ ಮಾಡಿದ್ದರೋ ಎಂದು ಎಣಿಸತೊಡಗಿದರೆ ಅದು ಮಹದಪರಾಧವೇ ಸರಿ. ಪ್ರಾರಬ್ಧದ ಗತಿಯನ್ನು ಅಳೆಯುವ ಅಧಿಕಾರ ನಮಗಿಲ್ಲ. ವಿಜಯದಾಸರು ಆಗಂತುಕನ ತಪ್ಪನ್ನು ಎತ್ತಿ ಆಡಲಿಲ್ಲ. ಗೋಪಾಲದಾಸರು ರೋಗಿಯ ದೋಷವನ್ನು ವಿಚಾರಿಸುತ್ತ ಕೂಡದೆ ರೊಟ್ಟಿಯನ್ನಿತ್ತರು. ಪರರ ಕಷ್ಟದ ಮುಂದೆ ನಾವು ಮಾಡಬೇಕಾದುದು ಅಷ್ಟೇ. ಕಾರಣವನ್ನು ಹುಡುಕುವುದೇನಿದ್ದರೂ ನಮ್ಮ ಸ್ವಂತ ಕಷ್ಟದಲ್ಲಿ, ಅದೂ ನಮ್ಮ ಅಂತರಂಗದಲ್ಲಿ ನಡೆಯಲಿ. ಆಗ ವ್ಯಾಧಿಯೂ ಉಪದೇಶವಾದೀತು. ಬಾಗಿದ ತಲೆಯ ಮೇಲೆ ಗುರುಗಳ ಹಸ್ತವು ಬಿದ್ದೀತು.

ಶ್ರೀಕೃಷ್ಣಾರ್ಪಣಮಸ್ತು.