ಪಾಲ್ ಡೇವಿಡ್ ದೇವನಂದನ್

ಪಾಲ್ ಡೇವಿಡ್ ದೇವನಂದನ್ (1901–1962) ಭಾರತದ ಪ್ರೊಟೆಸ್ಟೆಂಟ್ ದೈವಶಾಸ್ತ್ರಜ್ಞರು, ಧರ್ಮಗಳ ಇತಿಹಾಸದ ಪ್ರಾಧ್ಯಾಪಕರು ಹಾಗೂ ಹಿಂದೂ–ಕ್ರೈಸ್ತ ಸಂವಾದದ ಆದ್ಯ ಪ್ರವರ್ತಕರಲ್ಲಿ ಒಬ್ಬರು. ಪಿ. ಡಿ. ದೇವನಂದನ್ ಎಂಬ ಹೆಸರಿನಿಂದ ಅವರು ಹೆಚ್ಚು ಪರಿಚಿತರು. ದೇವರು ಮನುಷ್ಯನಾದನೆಂಬ ಕ್ರೈಸ್ತ ನಂಬಿಕೆಯನ್ನು ಮಾಯೆ, ಅವತಾರ ಮೊದಲಾದ ಭಾರತೀಯ ಪರಿಕಲ್ಪನೆಗಳ ಎದುರಿನಲ್ಲಿಟ್ಟು ವಿವೇಚಿಸಿದವರಲ್ಲಿ ಅವರು ಪ್ರಮುಖರು.

ಬಾಲ್ಯ ಮತ್ತು ಶಿಕ್ಷಣ

ದೇವನಂದನ್ ಅವರು 1901ರ ಜುಲೈ 8ರಂದು ಮದರಾಸಿನಲ್ಲಿ ಜನಿಸಿದರು. ಹೈದರಾಬಾದಿನ ನಿಜಾಂ ಕಾಲೇಜಿನಲ್ಲಿ ಪದವಿಯನ್ನೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಕೆಲಕಾಲ ಸಿಂಹಳದ ಜಾಫ್ನಾ ಕಾಲೇಜಿನಲ್ಲಿ ಬೋಧಿಸಿದರು. ವೈ.ಎಂ.ಸಿ.ಎ.ಯ ನಾಯಕರೂ ರಾಷ್ಟ್ರೀಯವಾದಿಯೂ ಆಗಿದ್ದ ಕೆ. ಟಿ. ಪಾಲ್ ಅವರ ಪರಿಚಯ ಅವರ ಬದುಕಿಗೆ ತಿರುವು ಕೊಟ್ಟಿತು. ಪಾಲ್ ಅವರ ಸಹಾಯಕರಾಗಿ 1924ರಲ್ಲಿ ಅಮೆರಿಕಕ್ಕೆ ತೆರಳಿದರು. ಅಲ್ಲಿ ಬರ್ಕ್ಲಿಯ ಪೆಸಿಫಿಕ್ ಸ್ಕೂಲ್ ಆಫ್ ರಿಲಿಜನ್‌ನಲ್ಲಿ ದೈವಶಾಸ್ತ್ರವನ್ನು ಅಭ್ಯಾಸ ಮಾಡಿ, 1931ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಪ್ರಬಂಧದ ವಿಷಯ ಮಾಯೆಯ ಪರಿಕಲ್ಪನೆ. ಇದು ದಿ ಕಾನ್ಸೆಪ್ಟ್ ಆಫ್ ಮಾಯಾ ಎಂಬ ಹೆಸರಿನಲ್ಲಿ 1950ರಲ್ಲಿ ಲಂಡನ್ನಿನಿಂದ ಪ್ರಕಟವಾಯಿತು.

ಬೆಂಗಳೂರಿನಲ್ಲಿ

ಸ್ವದೇಶಕ್ಕೆ ಮರಳಿದ ಬಳಿಕ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಮತ್ತು ಧರ್ಮಗಳ ಪ್ರಾಧ್ಯಾಪಕರಾದರು. 1910ರಲ್ಲಿ ಸ್ಥಾಪನೆಗೊಂಡ ಈ ಕಾಲೇಜು ದಂಡು ಪ್ರದೇಶದ ಬೆನ್ಸನ್ ಟೌನ್‌ನ ಮಿಲ್ಲರ್ಸ್ ರಸ್ತೆಯಲ್ಲಿದೆ. ಬೆನ್ಸನ್ ಟೌನ್, ಫ್ರೇಜರ್ ಟೌನ್, ಕುಕ್ ಟೌನ್‌ಗಳು ಪರಸ್ಪರ ಸಮೀಪದ ಬಡಾವಣೆಗಳು. ಚರ್ಚು, ಮಸೀದಿ, ದೇವಾಲಯಗಳು ಹತ್ತಿರ ಹತ್ತಿರವಿರುವ, ತಮಿಳು, ಉರ್ದು, ಕನ್ನಡ, ಇಂಗ್ಲಿಷ್ ಭಾಷೆಗಳು ಬೆರೆತ ಈ ಪರಿಸರದಲ್ಲಿ ಅನ್ಯಧರ್ಮವು ಗ್ರಂಥಾಲಯದ ವಿಷಯವಷ್ಟೇ ಅಲ್ಲ, ನೆರೆಮನೆಯ ಸಂಗತಿ. ಸುಮಾರು ಹದಿನೇಳು ವರ್ಷಗಳ ಕಾಲ, ಅಂದರೆ 1949ರವರೆಗೆ, ಅವರು ಇಲ್ಲಿ ಬೋಧಿಸಿದರು. ಅನಂತರ ಕೆಲವು ವರ್ಷ ದೆಹಲಿಯೂ ಸೇರಿದಂತೆ ವೈ.ಎಂ.ಸಿ.ಎ.ಯ ಕಾರ್ಯದಲ್ಲಿ ತೊಡಗಿದ್ದರು.

1956ರಲ್ಲಿ ಹಿಂದೂಧರ್ಮದ ಅಧ್ಯಯನ ಕೇಂದ್ರದ ನಿರ್ದೇಶಕರಾಗಿ ನೇಮಕಗೊಂಡರು. ಈ ಕೇಂದ್ರವೇ ಮರುವರ್ಷ ಕ್ರಿಶ್ಚಿಯನ್ ಇನ್‌ಸ್ಟಿಟ್ಯೂಟ್ ಫಾರ್ ದ ಸ್ಟಡಿ ಆಫ್ ರಿಲಿಜನ್ ಅಂಡ್ ಸೊಸೈಟಿ ಎಂಬ ಸಂಸ್ಥೆಯಾಗಿ ರೂಪುಗೊಂಡು ಬೆಂಗಳೂರಿನಲ್ಲಿ ನೆಲೆಸಿತು. ಎಂ. ಎಂ. ಥಾಮಸ್ ಅವರು ಸಹನಿರ್ದೇಶಕರಾದರು. ಕುಟುಂಬ, ರಾಜ್ಯ, ರಾಷ್ಟ್ರನಿರ್ಮಾಣ, ದ್ರಾವಿಡ ಚಳವಳಿ ಮೊದಲಾದ ವಿಷಯಗಳ ಮೇಲೆ ಸಂಸ್ಥೆಯು ಗ್ರಂಥಗಳನ್ನು ಹೊರತಂದಿತು. ಧರ್ಮಾಧ್ಯಯನದ ಸಂಸ್ಥೆಯೊಂದು ಇಂತಹ ಲೌಕಿಕ ವಿಷಯಗಳಿಗೆ ಕೈಹಾಕಿದ್ದಕ್ಕೆ ಕಾರಣ ದೇವನಂದನ್ ಅವರ ದೈವಶಾಸ್ತ್ರದಲ್ಲೇ ಇದೆ.

ಮನುಷ್ಯಾವತಾರ ಮತ್ತು ಮಾಯೆ

ದೇವರು ಮಾನವಕುಲದ ರಕ್ಷಣೆಗಾಗಿ ಯೇಸುವಿನಲ್ಲಿ ನಿಜವಾಗಿಯೂ ಮನುಷ್ಯನಾಗಿ ಹುಟ್ಟಿ, ಹಸಿವು, ನೋವು, ಮರಣಗಳನ್ನು ಅನುಭವಿಸಿದನೆಂಬುದು ಕ್ರೈಸ್ತರ ಮೂಲಭೂತ ನಂಬಿಕೆ. ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ, ಆದರೂ ಒಬ್ಬನೇ ವ್ಯಕ್ತಿ ಎಂದು 451ರಲ್ಲಿ ಕ್ಯಾಲ್ಸೆಡನ್‌ನಲ್ಲಿ ಸೇರಿದ ಸಭೆ ನಿರ್ಣಯಿಸಿತು. ಕನ್ನಡ ಕ್ರೈಸ್ತರು ಇದನ್ನು ಮನುಷ್ಯಾವತಾರ ಎನ್ನುತ್ತಾರೆ. ಅವತಾರವೆಂಬ ಪದವನ್ನು ಬಳಸಿದೊಡನೆಯೇ ತೊಡಕು ಆರಂಭವಾಗುತ್ತದೆ. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಭಗವಂತನು ಧರ್ಮಕ್ಕೆ ಚ್ಯುತಿ ಬಂದಾಗ ಯುಗಯುಗದಲ್ಲೂ ಅವತರಿಸುತ್ತಾನೆ. ಕ್ರೈಸ್ತ ನಂಬಿಕೆಯಲ್ಲಿ ಆ ಘಟನೆ ಇತಿಹಾಸದಲ್ಲಿ ಒಮ್ಮೆ ಮಾತ್ರ ನಡೆದದ್ದು. ಅಲ್ಲದೆ ಅದೇ ಅಧ್ಯಾಯ ಭಗವಂತನ ಹುಟ್ಟನ್ನು ಅವನ ಮಾಯೆಗೆ ಸಂಬಂಧಿಸುತ್ತದೆ. ಶಂಕರರ ಭಾಷ್ಯದಲ್ಲಿ ಅದು ದೇಹ ತಳೆದಂತೆ ತೋರುವುದು; ರಾಮಾನುಜರಿಗೆ ಅವತಾರ ತೋರಿಕೆಯಲ್ಲ, ಭಗವಂತನ ಸಂಕಲ್ಪದಿಂದ ಆದ ವಾಸ್ತವ. ಉಡುಪಿಯ ಮಧ್ವಾಚಾರ್ಯರಂತೂ ಜಗತ್ತು ಸತ್ಯವೆಂದು ಸಾರಿ ಮಾಯಾವಾದವನ್ನು ಕಟುವಾಗಿ ಖಂಡಿಸಿದವರು. ಆದ್ದರಿಂದ ಹಿಂದೂ ಚಿಂತನೆಯೆಲ್ಲ ಲೋಕವನ್ನು ಮಿಥ್ಯೆ ಎನ್ನುತ್ತದೆಂಬ ಮಾತು, ಪಾಶ್ಚಾತ್ಯ ಬರಹಗಳಲ್ಲಿ ಎಷ್ಟೇ ಸಾಮಾನ್ಯವಾಗಿದ್ದರೂ, ಸರಿಯಲ್ಲ.

ದೇವನಂದನ್ ಅವರಿಗಿಂತ ಮೊದಲೇ ಭಾರತೀಯ ಕ್ರೈಸ್ತರು ಈ ಪ್ರಶ್ನೆಯನ್ನು ಎದುರಿಸಿದ್ದರು. ಮದರಾಸಿನ ವಿ. ಚಕ್ಕರೈ 1926ರಲ್ಲಿ ಜೀಸಸ್ ದಿ ಅವತಾರ್ ಎಂಬ ಗ್ರಂಥವನ್ನೇ ಬರೆದರು, ಎ. ಜೆ. ಅಪ್ಪಾಸಾಮಿ ಭಕ್ತಿಪಂಥದ, ವಿಶೇಷವಾಗಿ ರಾಮಾನುಜರ, ನೆರವಿನಿಂದ ಯೋಹಾನನ ಸುವಾರ್ತೆಯನ್ನು ಅರ್ಥೈಸಿದರು. ದೇವನಂದನ್ ಪದಸಾಮ್ಯದ ದಾರಿಯನ್ನು ಹಿಡಿಯಲಿಲ್ಲ. ಅವರು ಮಾಯೆಯ ಪರಿಕಲ್ಪನೆ ಪ್ರಾಚೀನ ಗ್ರಂಥಗಳಿಂದ ಆಧುನಿಕ ವೇದಾಂತದವರೆಗೆ ಹೇಗೆ ಬದಲಾಯಿತೆಂದು ಪರಿಶೀಲಿಸಿದರು. ಒಂದು ಕಾಲಕ್ಕೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿದ್ದ ರಾಧಾಕೃಷ್ಣನ್ ಅವರಂತಹ ಚಿಂತಕರು ಲೋಕಕ್ಕೂ ಸಮಾಜಕ್ಕೂ ಬೆಲೆ ಕೊಡುವಂತೆ ಮಾಯೆಯನ್ನು ಮರುವ್ಯಾಖ್ಯಾನಿಸುತ್ತಿದ್ದುದು ಅವರ ಗಮನ ಸೆಳೆಯಿತು. ವ್ಯಕ್ತಿಯ ಘನತೆ, ಇತಿಹಾಸದ ಅರ್ಥ, ಸಾಮಾಜಿಕ ನ್ಯಾಯ ಇವು ಸ್ವತಂತ್ರ ಭಾರತದಲ್ಲಿ ಹಿಂದೂಗಳಿಗೂ ಕ್ರೈಸ್ತರಿಗೂ ಸಮಾನ ಪ್ರಶ್ನೆಗಳಾಗಿದ್ದವು. ದೇವರು ಮನುಷ್ಯನಾದನೆಂದರೆ ಮನುಷ್ಯನ ಲೌಕಿಕ ಬದುಕು ದೇವರಿಗೆ ಮುಖ್ಯವೆಂದು ಅರ್ಥ. ಕ್ರಿಸ್ತನಲ್ಲಿ ಆರಂಭವಾದ ಹೊಸ ಸೃಷ್ಟಿ ಚರ್ಚಿನ ಗೋಡೆಗಳೊಳಗೆ ಮುಗಿಯುವುದಿಲ್ಲವೆಂಬುದು ಅವರ ನಿಲುವು.

ಆರಂಭದಲ್ಲಿ ಅವರ ಮೇಲೆ ಡಚ್ ವಿದ್ವಾಂಸ ಹೆಂಡ್ರಿಕ್ ಕ್ರೇಮರ್ ಅವರ ಪ್ರಭಾವವಿತ್ತು. 1938ರ ತಾಂಬರಂ ಸಮ್ಮೇಳನಕ್ಕಾಗಿ ಬರೆದ ಗ್ರಂಥದಲ್ಲಿ ಕ್ರೇಮರ್, ಕ್ರಿಸ್ತನಲ್ಲಿ ಆದ ದೈವಪ್ರಕಟನೆಗೂ ಮಾನವ ಧರ್ಮಗಳಿಗೂ ನಡುವೆ ನೇರ ಮುಂದುವರಿಕೆಯನ್ನು ಒಪ್ಪಿರಲಿಲ್ಲ. ದೇವನಂದನ್ ಕ್ರಿಸ್ತನ ಅನನ್ಯತೆಯನ್ನು ಕೊನೆಯವರೆಗೂ ಬಿಡಲಿಲ್ಲ, ಆದರೆ ಆ ಕಂದಕವನ್ನು ಹಾಗೆಯೇ ಉಳಿಸಿಕೊಳ್ಳಲೂ ಇಲ್ಲ. 1961ರಲ್ಲಿ ನವದೆಹಲಿಯಲ್ಲಿ ನಡೆದ ಚರ್ಚುಗಳ ವಿಶ್ವ ಮಂಡಳಿಯ ಮೂರನೆಯ ಮಹಾಸಭೆಯ ಭಾಷಣದಲ್ಲಿ, ಅನ್ಯಧರ್ಮಗಳ ನವೋತ್ಥಾನದಲ್ಲೂ ದೇವರ ಕಾರ್ಯವನ್ನು ಕಾಣಬಹುದೇ ಎಂಬ ಪ್ರಶ್ನೆಯನ್ನು ಮುಂದಿಟ್ಟರು. ಒಮ್ಮೆ ಮಾತ್ರ ನಡೆದ ಮನುಷ್ಯಾವತಾರವನ್ನು ನಂಬುತ್ತಲೇ ನೆರೆಯವನ ಶ್ರದ್ಧೆಯನ್ನು ಗೌರವಿಸುವುದು ಹೇಗೆಂಬ ಈ ಪ್ರಶ್ನೆಗೆ ಸರ್ವಸಮ್ಮತ ಉತ್ತರ ಇಂದಿಗೂ ಇಲ್ಲ.

ನಿಧನ ಮತ್ತು ಪ್ರಭಾವ

ದೇವನಂದನ್ 1962ರ ಆಗಸ್ಟ್ ತಿಂಗಳಲ್ಲಿ ನಿಧನರಾದರು. ಕ್ರಿಶ್ಚಿಯನ್ ಕನ್ಸರ್ನ್ ಇನ್ ಹಿಂದೂಯಿಸಂ (1961) ಅವರ ಜೀವಿತಾವಧಿಯಲ್ಲಿ ಪ್ರಕಟವಾದರೆ, ಪ್ರಿಪರೇಷನ್ ಫಾರ್ ಡೈಲಾಗ್ (1964) ಮರಣಾನಂತರ ಬೆಳಕು ಕಂಡಿತು. ಸಂಸ್ಥೆಯ ನಿರ್ದೇಶಕತ್ವವನ್ನು ವಹಿಸಿಕೊಂಡ ಎಂ. ಎಂ. ಥಾಮಸ್ ಮುಂದೆ ನಾಗಾಲ್ಯಾಂಡಿನ ರಾಜ್ಯಪಾಲರಾದರು. ಬೆಂಗಳೂರಿನಲ್ಲಿ ಅವರ ಶಿಷ್ಯರಾಗಿದ್ದ ಕಾರ್ಕಳದ ಸ್ಟಾನ್ಲಿ ಸಮರ್ಥ ಅವರು ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪ್ರಾಂಶುಪಾಲರಾಗಿ ಸೇವೆ ಸಲ್ಲಿಸಿ, 1971ರಲ್ಲಿ ಜಿನೀವಾದಲ್ಲಿ ಚರ್ಚುಗಳ ವಿಶ್ವ ಮಂಡಳಿಯ ಅಂತರಧರ್ಮೀಯ ಸಂವಾದ ವಿಭಾಗದ ಮೊದಲ ನಿರ್ದೇಶಕರಾದರು. ಕ್ರಿಸ್ತನ ಅನನ್ಯತೆಯ ವಿಷಯದಲ್ಲಿ ಶಿಷ್ಯರು ಗುರುಗಳಿಗಿಂತ ಬಹುದೂರ ಸಾಗಿದರು.